ಆಂಡ್ರ್ಯೂ ಲಕ್ 29ಕ್ಕೇ ಆಟ ಬಿಟ್ಟಿದ್ದು ಸರಿಯೇ? ಪರ–ವಿರೋಧ

ಪರ: ಮೈ ಅವನದು, ಮಾತೂ ಅವನದೇ ನಡೆಯಬೇಕು

2019ರ ಆಗಸ್ಟ್ 24ರ ರಾತ್ರಿ. ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಆ ಊರಿನ ತಂಡ ಕೋಲ್ಟ್ಸ್ ಮತ್ತು ಷಿಕಾಗೊ ಬೇರ್ಸ್ ನಡುವೆ ಅಮೆರಿಕನ್ ಫುಟ್ಬಾಲ್‌ನ ಸೀಸನ್‌ಗೆ ಮುಂಚಿನ ಪಂದ್ಯ. ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ ಕಾಲು ನೋವಿನಿಂದ ಆಡದೆ ಮೈದಾನದ ಬದಿಯಲ್ಲಿ ನಿಂತಿದ್ದ. ಪಂದ್ಯ ಮುಗಿಯುವ ಮೊದಲೇ ಇಎಸ್‌ಪಿಎನ್ ವರದಿಗಾರ ಆಡಂ ಶೆಫ್ಟರ್ ಸುದ್ದಿ ಹೊರಗೆ ಬಿಟ್ಟರು, ಲಕ್ ನಿವೃತ್ತನಾಗುತ್ತಿದ್ದಾನೆ ಅಂತ. ಜನ ಫೋನಿನಲ್ಲಿ ಓದಿದರು. ಆತ ಒಳಗೆ ಹೋಗುವಾಗ ಬೂ ಅಂತ ಕೂಗಿದರು. ಏಳು ವರ್ಷ ಅದೇ ಜನರಿಗಾಗಿ ಮೈ ಮುರಿದುಕೊಂಡವನಿಗೆ ಸಿಕ್ಕ ಬೀಳ್ಕೊಡುಗೆ ಅದು. ಅವನಿಗೆ 30 ತುಂಬಲು ಇನ್ನೂ ಮೂರು ವಾರ ಇತ್ತು.

ಆ ಕೂಗು ತಪ್ಪು, ಆತ ಮಾಡಿದ್ದು ಸರಿ ಅಂತ ನಾನು ಅವತ್ತಿಂದಲೂ ಹೇಳುತ್ತಾ ಬಂದಿದ್ದೇನೆ.

ಈ ಆಟ ನೋಡದವರಿಗೆ ಮೊದಲು ಒಂದು ಮಾತು. ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡು ಕೈಗೆ ಬಂದ ಕೂಡಲೇ ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಇಲ್ಲಾ ತಾನೇ ಹಿಡಿದು ಓಡಬೇಕಾ ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನ ಕಣ್ಣು ದೂರದಲ್ಲಿ ಓಡುತ್ತಿರುವ ತನ್ನವರ ಮೇಲಿರುತ್ತದೆ. ಅದೇ ಹೊತ್ತಿಗೆ ಎದುರು ತಂಡದ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದ ಆಳುಗಳು ಅವನನ್ನು ಕೆಡವಲೆಂದೇ ನುಗ್ಗಿ ಬರುತ್ತಿರುತ್ತಾರೆ. ಅವರನ್ನು ತಡೆಯುವುದು ಮುಂದೆ ನಿಂತ ಐವರು ಲೈನ್‌ಮನ್‌ಗಳ ಕೆಲಸ. ಅವರು ಸೋತರೆ ಪೆಟ್ಟು ಕ್ವಾರ್ಟರ್‌ಬ್ಯಾಕ್‌ಗೆ. ಚೆಂಡು ಇನ್ನೂ ಕೈಯಲ್ಲಿರುವಾಗ ಕೆಡವಿದರೆ ಅದನ್ನು ಸ್ಯಾಕ್ ಅಂತ ಲೆಕ್ಕ ಇಡುತ್ತಾರೆ. ಎಸೆದ ಮರುಕ್ಷಣ ಬೀಳುವ ಗುದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ, ಮೈಗೆ ಮಾತ್ರ ಬರುತ್ತದೆ.

2012ರಲ್ಲಿ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಏರ್ಪಾಡು) ಮೊದಲ ಆಯ್ಕೆಯಾಗಿ ಕೋಲ್ಟ್ಸ್‌ಗೆ ಬಂದ ಲಕ್ ಆ ಒಂದೇ ಸೀಸನ್‌ನಲ್ಲಿ 41 ಸಲ ಸ್ಯಾಕ್ ಆದ. ಆದರೂ ಹಿಂದಿನ ವರ್ಷ 16ರಲ್ಲಿ ಎರಡೇ ಪಂದ್ಯ ಗೆದ್ದಿದ್ದ ತಂಡ 11 ಗೆದ್ದಿತು. ಮೂರು ವರ್ಷ ಸತತವಾಗಿ ಪ್ಲೇಆಫ್. 2014ರ ಜನವರಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ 38–10ರಿಂದ ಹಿಂದೆ ಬಿದ್ದಿದ್ದ ತಂಡವನ್ನು 45–44ಕ್ಕೆ ಗೆಲ್ಲಿಸಿದ್ದು ಇವನೇ. ಆ ಪಂದ್ಯದಲ್ಲಿ ತನ್ನವನೊಬ್ಬನ ಕೈಯಿಂದ ಜಾರಿದ ಚೆಂಡು ಮುಂದೆ ಬಂದು ಬಿದ್ದಾಗ ಅದನ್ನು ಎತ್ತಿಕೊಂಡು ಅಂಕ ತರುವ ಗೆರೆಯಾಚೆ ಹಾರಿದ್ದನಲ್ಲ, ಅದನ್ನು ನಾನು ಇವತ್ತಿಗೂ ಹುಡುಕಿ ನೋಡುತ್ತೇನೆ. ತನ್ನನ್ನು ಜೋರಾಗಿ ಕೆಡವಿದ ಎದುರಾಳಿಗೆ ಎದ್ದ ಕೂಡಲೇ ಚೆನ್ನಾಗಿ ಹೊಡೆದೆ ಅಂತ ಶಭಾಷ್ ಹೇಳುವ ಅಭ್ಯಾಸ ಬೇರೆ ಇತ್ತು. ಎದುರಾಳಿಗಳೇ ತಬ್ಬಿಬ್ಬಾಗುತ್ತಿದ್ದರು.

ಇಂಥವನನ್ನು ಕಾಪಾಡಲು ತಂಡ ಏನು ಮಾಡಿತು? ಆಗಿನ ಜನರಲ್ ಮ್ಯಾನೇಜರ್ ರಯಾನ್ ಗ್ರಿಗ್ಸನ್ 2013ರಲ್ಲಿ ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಯೊಂದನ್ನು ಕೊಟ್ಟು ಟ್ರೆಂಟ್ ರಿಚರ್ಡ್ಸನ್ ಎಂಬ ರನ್ನಿಂಗ್ ಬ್ಯಾಕ್‌ನನ್ನು, ಅಂದರೆ ಚೆಂಡು ಹಿಡಿದು ಓಡುವವನನ್ನು, ತಂದರು. ಆ ವ್ಯವಹಾರ ಪೂರ್ತಿ ನೆಲಕಚ್ಚಿತು. 2015ರಲ್ಲಿ ಮೊದಲ ಸುತ್ತಿನಲ್ಲಿ ತಂದಿದ್ದು ಚೆಂಡು ಹಿಡಿಯುವ ಇನ್ನೊಬ್ಬ ಆಟಗಾರನನ್ನು. ಮುಂದೆ ನಿಂತು ಪೆಟ್ಟು ತಡೆಯುವವರ ಸಾಲು ಮಾತ್ರ ಹಾಗೇ ಸೊರಗಿತು.

ಆಮೇಲೆ ಆಗಿದ್ದು ನೋಡಿ. 2015ರ ಸೆಪ್ಟೆಂಬರ್‌ನಲ್ಲಿ ಟೆನ್ನೆಸಿ ವಿರುದ್ಧದ ಪಂದ್ಯದಲ್ಲಿ ಎಸೆಯುವ ಕೈಯ ಭುಜಕ್ಕೆ ಪೆಟ್ಟು. ಅದೇ ನವೆಂಬರ್‌ನಲ್ಲಿ ಡೆನ್ವರ್ ವಿರುದ್ಧ ಆಡುವಾಗ ಕಿಡ್ನಿ ಸೀಳಿತು, ಹೊಟ್ಟೆಯ ಸ್ನಾಯು ಹರಿಯಿತು. ಆ ಪೆಟ್ಟಿನ ಮೇಲೂ ಆತ ಮೈದಾನ ಬಿಡಲಿಲ್ಲ, ಅಲ್ಲಿಯವರೆಗೆ ಒಂದೂ ಸೋಲದಿದ್ದ ಡೆನ್ವರನ್ನು ಸೋಲಿಸಿಯೇ ಹೊರಗೆ ಬಂದ. ಪಕ್ಕೆಲುಬಿನ ಮೃದ್ವಸ್ಥಿ ಹರಿದಿದ್ದು ಬೇರೆ. 2016ರಲ್ಲಿ ತಲೆಗೆ ಪೆಟ್ಟು, ಮತ್ತೆ 41 ಸ್ಯಾಕ್. ಆ ವರ್ಷವಿಡೀ ಭುಜದ ನೋವಿಟ್ಟುಕೊಂಡು 15 ಪಂದ್ಯ ಆಡಿದ. 2017ರ ಜನವರಿಯಲ್ಲಿ ಭುಜದ ಆಪರೇಷನ್, ಆ ಇಡೀ ಸೀಸನ್ ಹೊರಗೆ. ಗುಣವಾಗಲಿಲ್ಲ ಅಂತ ಚಿಕಿತ್ಸೆಗೆ ನೆದರ್ಲೆಂಡ್ಸ್‌ಗೂ ಹೋಗಿ ಬಂದ. 2018ರಲ್ಲಿ ವಾಪಸ್ ಬಂದು 39 ಟಚ್‌ಡೌನ್ ಪಾಸ್ (ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದು ಕಂಬ್ಯಾಕ್ ಆಟಗಾರ ಪ್ರಶಸ್ತಿ ಗೆದ್ದ. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ 2019ರಲ್ಲಿ ಮೀನಖಂಡದ ನೋವು ಶುರು, ಅದು ಪಾದದ ಗಂಟಿಗೆ ಇಳಿಯಿತು. ತಿಂಗಳುಗಳು ಕಳೆದರೂ ವಾಸಿಯಾಗಲಿಲ್ಲ.

ಆ ರಾತ್ರಿಯ ಪತ್ರಿಕಾಗೋಷ್ಠಿಯಲ್ಲಿ ಆತ ಹೇಳಿದ್ದು ಇಷ್ಟೇ: ನಾಲ್ಕು ವರ್ಷದಿಂದ ಗಾಯ, ನೋವು, ಆರೈಕೆ, ಮತ್ತೆ ಗಾಯ, ಈ ಸುತ್ತಿನಲ್ಲೇ ಸಿಕ್ಕಿಬಿದ್ದಿದ್ದೇನೆ, ಆಟದ ಖುಷಿ ಹೋಗಿಬಿಟ್ಟಿದೆ. 2016ರ ಹಾಗೆ ನೋವಿಟ್ಟುಕೊಂಡು ಆಡುವ ದಾರಿಗೆ ಮತ್ತೆ ಹೋಗುವುದಿಲ್ಲ ಅಂತ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದನಂತೆ. ಕಣ್ಣು ಒದ್ದೆಯಾಗಿತ್ತು. ಜನ ಕೂಗಿದ್ದು ಕೇಳಿಸಿತು, ನೋವಾಯಿತು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದ.

ನೋವು ನುಂಗಿ ಆಡುವುದೇ ಗಂಡಸುತನ ಅನ್ನುವ ಮಾತು ಈ ಆಟದಲ್ಲಿ ಬಹಳ ಹಳೆಯದು. ಅದನ್ನು ನಂಬಿದವರ ಗತಿ ಏನಾಯಿತು ಅಂತ ಹುಡುಕಲು ದೂರ ಹೋಗಬೇಕಿಲ್ಲ. 2012ರ ಅದೇ ಡ್ರಾಫ್ಟ್‌ನಲ್ಲಿ ಲಕ್ ನಂತರ ಎರಡನೆಯವನಾಗಿ ಹೋದ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್. ಮೊದಲ ವರ್ಷವೇ ಮಿಂಚಿದ. ಮೊಣಕಾಲು ಆಗಲೇ ಕೆಟ್ಟಿದ್ದರೂ 2013ರ ಜನವರಿಯ ಪ್ಲೇಆಫ್ ಪಂದ್ಯದಲ್ಲಿ ಕುಂಟುತ್ತಾ ಆಡಿದ, ಮೊಣಕಾಲು ಪೂರ್ತಿ ಹೋಯಿತು. ಮುಂದೆ ಆ ಹಳೆಯ ಗ್ರಿಫಿನ್ ಯಾರಿಗೂ ಕಾಣಸಿಗಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಇದೇ ಕೋಲ್ಟ್ಸ್‌ನ ದಂತಕತೆ ಜಾನಿ ಯೂನೈಟಸ್. ಅಷ್ಟು ಚೆಂದ ಚೆಂಡೆಸೆದ ಅವರ ಬಲಗೈ ವಯಸ್ಸಾದ ಮೇಲೆ ಸಣ್ಣಪುಟ್ಟ ಕೆಲಸಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಇನ್ನೊಬ್ಬ ಹಳೆಯ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ ತೀರಿಕೊಂಡ ಮೇಲೆ ಅವರ ಮಿದುಳು ಪರೀಕ್ಷಿಸಿದಾಗ, ತಲೆಗೆ ಪೆಟ್ಟು ಬಿದ್ದು ಬಿದ್ದು ಬರುವ ಸಿಟಿಇ ಕಾಯಿಲೆ ಸಿಕ್ಕಿತು. ಇವರು ಯಾರೂ ಕೈಲಾಗದವರಲ್ಲ. ನಿಲ್ಲಿಸಬೇಕಾದಾಗ ನಿಲ್ಲಿಸು ಅಂತ ಇವರಿಗೆ ಹೇಳುವವರು ಇರಲಿಲ್ಲ ಅಷ್ಟೇ.

ಇನ್ನು ನಿಷ್ಠೆಯ ಮಾತು. ತಂಡಕ್ಕೆ ಕೈಕೊಟ್ಟ ಅಂದರಲ್ಲ, ಈ ತಂಡದ ಚರಿತ್ರೆ ಸ್ವಲ್ಪ ತೆಗೆದು ನೋಡಿ. ಕೋಲ್ಟ್ಸ್ ಮೊದಲು ಬಾಲ್ಟಿಮೋರ್‌ನಲ್ಲಿತ್ತು. 1984ರ ಮಾರ್ಚ್‌ನಲ್ಲಿ ಮಾಲೀಕ ರಾಬರ್ಟ್ ಇರ್ಸೇ ಲಾರಿಗಳನ್ನು ಕರೆಸಿ, ರಾತ್ರೋರಾತ್ರಿ ಎಲ್ಲ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದರು. ಬೆಳಗಾಗುವ ಹೊತ್ತಿಗೆ ಬಾಲ್ಟಿಮೋರ್ ಜನರಿಗೆ ತಂಡವೇ ಇರಲಿಲ್ಲ. ಪೇಟನ್ ಮ್ಯಾನಿಂಗ್ ಇದೇ ಕೋಲ್ಟ್ಸ್‌ಗೆ 14 ವರ್ಷ ಕೊಟ್ಟರು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟರು. ಕತ್ತಿನ ಆಪರೇಷನ್‌ಗಳಾಗಿ 2011ರಲ್ಲಿ ಆಡಲಾಗಲಿಲ್ಲ. 2.8 ಕೋಟಿ ಡಾಲರ್ ಬೋನಸ್ ಕೊಡುವ ದಿನ ಬರುವ ಮೊದಲೇ, 2012ರ ಮಾರ್ಚ್‌ನಲ್ಲಿ ತಂಡ ಅವರನ್ನು ಬಿಟ್ಟುಬಿಟ್ಟಿತು. ಯಾಕೆ? ಡ್ರಾಫ್ಟ್‌ನಲ್ಲಿ ಲಕ್ ಸಿಗುತ್ತಿದ್ದ. ಅಂದರೆ ಲಕ್ ಈ ಊರಿಗೆ ಬಂದಿದ್ದೇ, ಗಾಯಗೊಂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂಡ ಹೊರಗೆ ಕಳಿಸಿದ್ದರಿಂದ! ಮೈ ಕೆಟ್ಟ ದಿನ ತನಗೂ ಅದೇ ಬಾಗಿಲು ಅಂತ ಅವನಿಗೆ ಗೊತ್ತಿರಲಿಲ್ಲವೇ? ತಂಡ ಬಿಟ್ಟರೆ ವ್ಯವಹಾರ, ಆಟಗಾರ ಬಿಟ್ಟರೆ ದ್ರೋಹ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಆಡುತ್ತಾ ಹೋಗಿದ್ದರೆ ಮುಂದೆ 45 ಕೋಟಿ ಡಾಲರ್‌ವರೆಗೂ ದುಡಿಯಬಹುದಿತ್ತು ಅಂತ ಮಾಲೀಕ ಜಿಮ್ ಇರ್ಸೇ ಅವರೇ ಅವತ್ತು ಅಂದಾಜು ಹೇಳಿದರು. ಅಷ್ಟನ್ನು ಬಿಟ್ಟು ಎದ್ದವನನ್ನು ಸ್ವಾರ್ಥಿ ಅನ್ನುವುದು ಹೇಗೆ? ಕಾಲೇಜಿನಲ್ಲೂ ಆತ ಹೀಗೇ. 2011ರಲ್ಲೇ ಡ್ರಾಫ್ಟ್‌ಗೆ ಹೋಗಿದ್ದರೆ ಮೊದಲನೆಯವನಾಗಿ ಆಯ್ಕೆಯಾಗುತ್ತಾನೆ ಅಂತ ಎಲ್ಲರೂ ಹೇಳುತ್ತಿದ್ದರು. ಆತ ಸ್ಟ್ಯಾನ್‌ಫರ್ಡ್‌ನಲ್ಲೇ ಉಳಿದು ಆರ್ಕಿಟೆಕ್ಚರಲ್ ಡಿಸೈನ್ ಡಿಗ್ರಿ ಮುಗಿಸಿದ. ಜೊತೆಯವರಿಗೆ ಪುಸ್ತಕ ಕೊಟ್ಟು ಓದಿಸುತ್ತಿದ್ದ, ಅಭಿಮಾನಿಗಳಿಗಾಗಿ ಬುಕ್ ಕ್ಲಬ್ ನಡೆಸುತ್ತಿದ್ದ. ಆಟದ ಆಚೆಗೂ ಬದುಕಿದೆ ಅಂತ ಗೊತ್ತಿದ್ದವನು. ಆಟ ಬಿಟ್ಟ ಮೇಲೆ ಮತ್ತೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಶಿಕ್ಷಣದಲ್ಲಿ ಸ್ನಾತಕೋತ್ತರ ಓದಿದ, ಪಾಲೊ ಆಲ್ಟೊದ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಹೇಳಿಕೊಟ್ಟ. ಆ ಭುಜ ಇನ್ನೂ ಹತ್ತು ವರ್ಷ ಪೆಟ್ಟು ತಿಂದಿದ್ದರೆ ಹುಡುಗರಿಗೆ ಒಂದು ಪಾಸ್ ಎಸೆದು ತೋರಿಸುವುದಾದರೂ ಆಗುತ್ತಿತ್ತಾ?

ವಿರೋಧ: ಬಿಡುವ ಹಕ್ಕಿತ್ತು, ಬಿಟ್ಟ ಹೊತ್ತು ತಪ್ಪು

ಮೊದಲೇ ಹೇಳಿಬಿಡುತ್ತೇನೆ, ಸ್ಟೇಡಿಯಂನಲ್ಲಿ ಕೂಗಿದವರ ಪರ ನಾನಿಲ್ಲ. ಕಿಡ್ನಿ ಸೀಳಿದರೂ ಆಡಿದವನಿಗೆ ಬೂ ಅನ್ನುವುದು ಕೃತಘ್ನತೆ. ಆಟ ಬಿಡುವ ಹಕ್ಕು ಅವನಿಗೆ ಇತ್ತಾ ಅಂದರೆ ಖಂಡಿತ ಇತ್ತು. ನನ್ನ ತಕರಾರು ಆತ ಬಿಟ್ಟ ದಿನಾಂಕದ ಬಗ್ಗೆ.

ಸೆಪ್ಟೆಂಬರ್ 8ಕ್ಕೆ ಮೊದಲ ಪಂದ್ಯ. ಆಗಸ್ಟ್ 24ಕ್ಕೆ ನಿವೃತ್ತಿ. ಈ ಎರಡು ವಾರದಲ್ಲಿ ಎನ್‌ಎಫ್‌ಎಲ್‌ನ (ಈ ಆಟದ ಅಮೆರಿಕದ ವೃತ್ತಿಪರ ಲೀಗ್) ಒಂದು ತಂಡ ಏನು ಮಾಡಬಲ್ಲದು? ಹೊಸ ಆಟಗಾರರನ್ನು ಕೊಳ್ಳುವ ಕಾಲ ಮಾರ್ಚ್, ಡ್ರಾಫ್ಟ್ ಏಪ್ರಿಲ್. ಎರಡೂ ಯಾವತ್ತೋ ಮುಗಿದಿದ್ದವು. ಆ ಮಾರ್ಚ್‌ನಲ್ಲಿ ಮಯಾಮಿ ತಂಡ ರಯಾನ್ ಟ್ಯಾನಹಿಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತುಂಬ ಕಡಿಮೆ ಬೆಲೆಗೆ ಬಿಟ್ಟುಕೊಟ್ಟಿತು. ಕೊಂಡಿದ್ದು ಯಾರು? ಕೋಲ್ಟ್ಸ್ ಇರುವ ಗುಂಪಿನಲ್ಲೇ ಇರುವ ಟೆನ್ನೆಸಿ ಟೈಟನ್ಸ್. ಆ ಸೀಸನ್‌ನಲ್ಲೇ ಆತ ಅವರನ್ನು ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ದೂರದವರೆಗೆ ಕರೆದೊಯ್ದ. ಮನೆಯಲ್ಲಿ ಲಕ್ ಇದ್ದಾನೆ ಅಂತ ನಂಬಿದ್ದ ಕೋಲ್ಟ್ಸ್‌ಗೆ ಅವನ ಕಡೆ ತಿರುಗಿ ನೋಡುವ ಅಗತ್ಯವೇ ಬಂದಿರಲಿಲ್ಲ.

ಆ ಹೊತ್ತಿಗೆ ಇನ್ನೂ ಕಾಲು ನೋವು ಇಷ್ಟು ಕಾಡಿರಲಿಲ್ಲವಲ್ಲ, ಆಗ ಹೇಗೆ ಹೇಳುವುದು ಅಂತ ಕೇಳಬಹುದು. ಸರಿ, ಒಪ್ಪಿದೆ. ಆದರೆ ನೋವು ತಡೆಯಲಾರದಾದಾಗ ಇದ್ದ ದಾರಿ ನಿವೃತ್ತಿ ಒಂದೇ ಅಲ್ಲ. ಗಾಯಾಳುಗಳ ಪಟ್ಟಿ ಅಂತ ಒಂದಿದೆ. ಅದಕ್ಕೆ ಸೇರಿ ಅರ್ಧ ಸೀಸನ್, ಬೇಕಾದರೆ ಪೂರ್ತಿ ಸೀಸನ್ ಹೊರಗೆ ಕೂರಬಹುದು. 2017ರಲ್ಲಿ ಆತ ಕೂತಿದ್ದೂ ಹಾಗೇ, ಒಂದೂ ಪಂದ್ಯ ಆಡದೆ. ಆಗ ತಂಡ ಕಾದಿತ್ತು, ಸಂಬಳ ಕೊಟ್ಟಿತ್ತು, ಬೇರೆ ದೇಶದಲ್ಲಿ ಚಿಕಿತ್ಸೆ ಬೇಕು ಅಂದಾಗ ಕಳಿಸಿಕೊಟ್ಟಿತ್ತು. ಆ ಕಾಯುವಿಕೆಗೆ ಫಲವೂ ಸಿಕ್ಕಿತು. 2018 ಅವನ ಅತ್ಯುತ್ತಮ ವರ್ಷಗಳಲ್ಲಿ ಒಂದು.

ನನಗೆ ತುಂಬ ಕಾಡುವುದು ಈ 2018ರ ಆಟವೇ. ಮೊದಲ ಆರು ಪಂದ್ಯದಲ್ಲಿ ಐದು ಸೋತ ತಂಡ ಕೊನೆಗೆ 10 ಗೆಲುವು, 6 ಸೋಲಿಗೆ ಬಂದು ಪ್ಲೇಆಫ್ ಸೇರಿತು, ಹೂಸ್ಟನ್ನನ್ನು ಅವರ ಮೈದಾನದಲ್ಲೇ ಸೋಲಿಸಿತು. ಪರವಾಗಿ ಬರೆದವರು ಗ್ರಿಗ್ಸನ್ ಕಾಲದ ಲೈನ್ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. 2017ರ ಜನವರಿಯಲ್ಲಿ ಗ್ರಿಗ್ಸನ್ ಕೆಲಸ ಹೋಯಿತು, ಕ್ರಿಸ್ ಬ್ಯಾಲರ್ಡ್ ಬಂದರು. ಅವರು 2018ರ ಡ್ರಾಫ್ಟ್‌ನಲ್ಲಿ ಆರನೇ ಆಯ್ಕೆಯಷ್ಟು ದೊಡ್ಡದನ್ನು ಕ್ವೆಂಟನ್ ನೆಲ್ಸನ್ ಎಂಬ ಲೈನ್‌ಮನ್ ಮೇಲೆ ಹಾಕಿದರು, ಎರಡನೇ ಸುತ್ತಿನಲ್ಲಿ ಬ್ರೇಡನ್ ಸ್ಮಿತ್ ಬಂದ. ಹೊಸ ಕೋಚ್ ಫ್ರಾಂಕ್ ರೈಕ್ ಚೆಂಡು ಬೇಗ ಕೈಬಿಡುವ ಹಾಗೆ ಆಟವನ್ನೇ ಬದಲಿಸಿದರು. 2016ರಲ್ಲಿ 41 ಇದ್ದ ಸ್ಯಾಕ್ 2018ರಲ್ಲಿ 18ಕ್ಕೆ ಇಳಿಯಿತು. ಅದೂ ಎಲ್ಲ 16 ಪಂದ್ಯ ಆಡಿ! ಇವನ ಮೈ ಕಾಪಾಡಬೇಕು ಅಂತಲೇ ಒಂದು ಇಡೀ ತಂಡ ಎರಡು ವರ್ಷ ಕೆಲಸ ಮಾಡಿ, ಅದು ಫಲ ಕೊಡಲು ಶುರುವಾದ ಹೊತ್ತಿಗೆ ಆತ ಎದ್ದು ನಡೆದ. ಭುಜ ವಾಸಿಯಾಗಿತ್ತು. ಕೊನೆಗೆ ಅವನನ್ನು ಸೋಲಿಸಿದ್ದು ಮೀನಖಂಡ ಮತ್ತು ಗಂಟಿನ ನೋವು. ಅದು ಸಣ್ಣದು ಅನ್ನುತ್ತಿಲ್ಲ. ಸಾಕಾಗಿ ಹೋದ ಮನಸ್ಸಿಗೆ ಸಣ್ಣದೂ ದೊಡ್ಡದಾಗಿಯೇ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಜೀವನದ ಅತಿ ದೊಡ್ಡ ನಿರ್ಧಾರ ಮಾಡದೆ ನಾಲ್ಕು ತಿಂಗಳು ತಡೆದಿದ್ದರೆ ಅವನಿಗೆ ಹೋಗುವುದು ಏನೂ ಇರಲಿಲ್ಲ.

ಬೇರೆ ಆಟಗಾರರೂ ಬೇಗ ಬಿಟ್ಟಿದ್ದಾರೆ. ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ 30ಕ್ಕೆ ಬಿಟ್ಟ. ಆದರೆ ಆತ ಹೇಳಿದ್ದು ಮಾರ್ಚ್‌ನಲ್ಲಿ, ಮತ್ತೆ ಆತ ಕ್ವಾರ್ಟರ್‌ಬ್ಯಾಕ್ ಆಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ವಿಷಯವೇ ಬೇರೆ. 53 ಜನರ ತಂಡದಲ್ಲಿ ಉಳಿದವರೆಲ್ಲರ ಆಟ, ಸಂಬಳ, ಮುಂದಿನ ಒಪ್ಪಂದ ಅವನೊಬ್ಬನ ಕೈ ಮೇಲೆ ನಿಂತಿರುತ್ತದೆ. 2016ರಲ್ಲಿ ಲಕ್ ಸಹಿ ಹಾಕಿದ ಒಪ್ಪಂದ 14 ಕೋಟಿ ಡಾಲರ್‌ನದು. ಆ ಹೊತ್ತಿಗೆ ಈ ಆಟದಲ್ಲೇ ಅತಿ ದೊಡ್ಡದು. ಅಷ್ಟು ದುಡ್ಡು ಬರುವುದು ಚೆಂಡು ಎಸೆಯುವುದಕ್ಕೆ ಮಾತ್ರ ಅಲ್ಲ, ಈ ಭಾರ ಹೊರುವುದಕ್ಕೆ.

ಟಿ.ವೈ. ಹಿಲ್ಟನ್ ಹೆಸರು ಹೇಳಲೇಬೇಕು. 2012ರಲ್ಲಿ ಲಕ್ ಜೊತೆಗೇ ಕೋಲ್ಟ್ಸ್ ಸೇರಿದವನು, ಅವನ ಎಸೆತಗಳನ್ನು ಹಿಡಿದು ಬೆಳೆದವನು. 2016ರಲ್ಲಿ ಎಸೆತ ಹಿಡಿದು ಚೆಂಡನ್ನು 1,448 ಯಾರ್ಡ್ ಮುಂದೊಯ್ದು ಇಡೀ ಲೀಗ್‌ಗೇ ಮೊದಲಿಗನಾದ. 2018ರಲ್ಲಿ ಕಾಲು ನೋವಿಟ್ಟುಕೊಂಡೇ 1,270. ಲಕ್ ಹೋದ ಮೇಲೆ ಒಂದು ಸೀಸನ್‌ನಲ್ಲೂ ಸಾವಿರ ಯಾರ್ಡ್ ಮುಟ್ಟಲಿಲ್ಲ. ಅವನಿಗೂ ಗಾಯಗಳಾದವು, ಎಲ್ಲವನ್ನೂ ಲಕ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹಿಲ್ಟನ್‌ಗೂ ಇದ್ದಿದ್ದು ಒಂದೇ ದೇಹ, ಅವನಿಗೂ ಉಳಿದಿದ್ದು ಕೆಲವೇ ವರ್ಷ. ಒಬ್ಬನ ಮೈ ಬಗ್ಗೆ ಇಷ್ಟು ಮಾತಾಡುವವರು ಅವನನ್ನು ನಂಬಿ ಮೈ ಒಡ್ಡಿದವರ ಬಗ್ಗೆಯೂ ಒಂದು ಮಾತು ಆಡಬೇಕಲ್ವಾ?

ಆಮೇಲಿನ ಕೋಲ್ಟ್ಸ್ ಕತೆ ಎಲ್ಲರಿಗೂ ಗೊತ್ತು. 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಜಕೋಬಿ ಬ್ರಿಸೆಟ್, 7 ಗೆಲುವು, 9 ಸೋಲು. 2020ರಲ್ಲಿ 39ರ ಹತ್ತಿರದ ಫಿಲಿಪ್ ರಿವರ್ಸ್. ಅವರೊಬ್ಬರೇ ಪ್ಲೇಆಫ್‌ಗೆ ಒಯ್ದಿದ್ದು. 2021ರಲ್ಲಿ ಕಾರ್ಸನ್ ವೆಂಟ್ಜ್, ಗೆದ್ದರೆ ಪ್ಲೇಆಫ್ ಅನ್ನುವ ಕೊನೆಯ ಪಂದ್ಯವನ್ನು ಜಾಕ್ಸನ್‌ವಿಲ್‌ಗೆ ಸೋತರು. 2022ರಲ್ಲಿ ಮ್ಯಾಟ್ ರಯಾನ್, ಸೀಸನ್ ನಡುವೆಯೇ ಕೋಚ್ ರೈಕ್ ಕೆಲಸ ಹೋಯಿತು. ವರ್ಷಕ್ಕೊಬ್ಬ ಬಂದ, ವರ್ಷಕ್ಕೊಬ್ಬ ಹೋದ. 2025ರ ಡಿಸೆಂಬರ್‌ನಲ್ಲಂತೂ ಇದ್ದವರೆಲ್ಲ ಗಾಯಗೊಂಡು, ಆಟ ಬಿಟ್ಟು ಸುಮಾರು ಐದು ವರ್ಷವಾಗಿದ್ದ 44ರ ರಿವರ್ಸ್ ಅವರನ್ನೇ ಮನೆಯಿಂದ ಕರೆತಂದು ಆಡಿಸಿದರು. ಎಲ್ಲ ಲಕ್‌ನಿಂದಲೇ ಆಯಿತು ಅನ್ನಲಾರೆ, ತಂಡದವರ ತಪ್ಪು ಆಯ್ಕೆಗಳೂ ಬೇಕಾದಷ್ಟಿವೆ. ಆದರೆ ಗೊತ್ತಿದ್ದು, ತಯಾರಾಗಿ, ಒಬ್ಬ ಕಿರಿಯನನ್ನು ಪಕ್ಕದಲ್ಲಿ ಕೂರಿಸಿ ಕಲಿಸಿ ಬದಲಾಯಿಸುವ ಅವಕಾಶ ಈ ತಂಡಕ್ಕೆ ಸಿಗಲಿಲ್ಲ.

ಮ್ಯಾನಿಂಗ್ ಮಾತು ಬಂತು, 1984ರ ಮಾತೂ ಬಂತು. ಸರಿ, ತಂಡಗಳು ಕಠೋರ. ಆದರೆ ಲಕ್ ವಿಷಯದಲ್ಲಿ ಈ ತಂಡ ಹಾಗೆ ನಡೆದುಕೊಳ್ಳಲಿಲ್ಲ. ಆತ ಪಡೆದಿದ್ದ ಸುಮಾರು 2.5 ಕೋಟಿ ಡಾಲರ್ ಬೋನಸ್ ಹಣವನ್ನು ಕೋಲ್ಟ್ಸ್ ವಾಪಸ್ ಕೇಳಬಹುದಿತ್ತು. ಡೆಟ್ರಾಯಿಟ್‌ನವರು ಕ್ಯಾಲ್ವಿನ್ ಜಾನ್ಸನ್‌ನಿಂದ ಸ್ವಲ್ಪ ವಾಪಸ್ ಪಡೆದು, ಅವನ ಜೊತೆ ವರ್ಷಗಟ್ಟಲೆ ಮನಸ್ತಾಪ ಮಾಡಿಕೊಂಡರು. ಇರ್ಸೇ ಕೇಳಲಿಲ್ಲ, ಒಳ್ಳೆಯ ಮಾತಾಡಿ ಕಳಿಸಿದರು. ಇಷ್ಟು ಗೌರವ ಕೊಟ್ಟವರಿಗೆ ಇನ್ನೊಂದು ಸೀಸನ್ ತಡೆಯುವಷ್ಟು ಋಣ ಅವನ ಮೇಲೂ ಇತ್ತು.

ಇನ್ನೊಂದು ಮಾತಿದೆ, ಅದನ್ನು ಬೇಸರದಿಂದಲೇ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಲಕ್ ಸ್ಟ್ಯಾನ್‌ಫರ್ಡ್ ಫುಟ್ಬಾಲ್ ತಂಡದ ಜನರಲ್ ಮ್ಯಾನೇಜರ್ ಆದ. ಮರುವರ್ಷ ಕೋಚ್ ಬೇಕಾದಾಗ ಆತ ಕರೆದಿದ್ದು ಯಾರನ್ನು ಗೊತ್ತಾ? ಫ್ರಾಂಕ್ ರೈಕ್ ಅವರನ್ನೇ. ಆಟದ ಮೇಲಿನ ಪ್ರೀತಿ ಸತ್ತಿರಲಿಲ್ಲ, ಆ ಕೋಚ್ ಮೇಲಿನ ನಂಬಿಕೆಯೂ ಸತ್ತಿರಲಿಲ್ಲ. ದಣಿದಿತ್ತು ಅಷ್ಟೇ. ದಣಿವಿಗೆ ಬೇಕಾಗಿದ್ದು ದೀರ್ಘ ರಜೆ. ಈಗ ಆತ ಕೂತಿರುವ ಕುರ್ಚಿ 2019ರಲ್ಲಿ ಕ್ರಿಸ್ ಬ್ಯಾಲರ್ಡ್ ಕೂತಿದ್ದ ಕುರ್ಚಿಯೇ. ಯಾರನ್ನು ತರಬೇಕು, ಯಾರ ಮೇಲೆ ಎಷ್ಟು ಖರ್ಚು, ಕ್ವಾರ್ಟರ್‌ಬ್ಯಾಕ್ ಯಾರು, ಅವನಿಗೆ ಏನಾದರೂ ಆದರೆ ಮುಂದೆ ಯಾರು, ಎಲ್ಲ ಅವನೇ ನೋಡಬೇಕು. ನಾಳೆ ಅವನ ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬ ಆಗಸ್ಟ್ ಕೊನೆಗೆ ಬಂದು, ಸರ್ ನನ್ನಿಂದ ಇನ್ನು ಆಗಲ್ಲ ಅಂದರೆ ಲಕ್ ಅವನನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇನ್ನು ಒಂದು ವರ್ಷ ಆಟವಾಡಬೇಡ, ರಜೆ ತಗೋ, ನಿರ್ಧಾರ ಆಮೇಲೆ ಮಾಡು ಅಂತಲೇ ಹೇಳುತ್ತಾನೆ. ಹೇಳಿ ಕಳಿಸಿದ ಮೇಲೆ, ಮೊದಲ ಪಂದ್ಯಕ್ಕೆ ಯಾರನ್ನು ಇಳಿಸುವುದು ಅಂತ ಉಳಿದವರ ಪಟ್ಟಿ ಹಿಡಿದು ಕೂರಬೇಕಾದವನೂ ಅವನೇ.